ಅಜ್ಜನ ರೈಫಲ್ಲಿಗೆ ಬಫಿಂಗ್ ಬೇಡ, ತುಕ್ಕು ನಿಲ್ಲಿಸಿದರೆ ಸಾಕು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಜ್ಜ 1920ರ ದಶಕದಲ್ಲಿ ಕೊಂಡ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಯ 315 ಬೋರ್ ರೈಫಲ್; ಬೋರ್ ಅಂದರೆ ನಳಿಗೆಯ ಒಳಅಳತೆ. ಲೈಸೆನ್ಸ್ ಈಗ ನಿಮ್ಮ ಹೆಸರಿಗೆ ಆಗಿದೆ. ನಳಿಗೆಯ ನೀಲಿಗಪ್ಪು ಬಣ್ಣ (ಅದನ್ನು ಬರಿಸುವುದಕ್ಕೇ ಬ್ಲೂಯಿಂಗ್ ಅನ್ನುವುದು) ಮುಕ್ಕಾಲು ಪಾಲು ಹೋಗಿ ಕಂದಾಗಿದೆ, ಅಲ್ಲಲ್ಲಿ ತುಕ್ಕು, ಮರ ಕಪ್ಪಿಟ್ಟಿದೆ. ಅಣ್ಣ "ಬಫಿಂಗ್ ಚಕ್ರದಲ್ಲಿ ಪೂರ್ತಿ ಪಾಲಿಶ್ ಹೊಡೆಸಿ ಹೊಸ ಬ್ಲೂಯಿಂಗ್ ಮಾಡಿಸಿ ಜಯನಗರದ ಮನೆ ಹಾಲ್‌ನಲ್ಲಿ ತೂಗುಹಾಕೋಣ" ಅನ್ನುತ್ತಾರೆ, ನಿಮಗೆ ಮನಸ್ಸು ಬರುತ್ತಿಲ್ಲ.

ಮಾಡಿಸಬೇಡಿ. ತುಕ್ಕು ಮುಂದುವರಿಯದ ಹಾಗೆ ನೋಡಿಕೊಳ್ಳಿ, ಮಿಕ್ಕಿದ್ದನ್ನು ಮುಟ್ಟಬೇಡಿ. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನಗೆ ಕಾರಣವಿದೆ.

ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟದ ಮನೆ. ಅಪ್ಪನ ಹತ್ತಿರ ಬರ್ಮಿಂಗ್‌ಹ್ಯಾಮಿನ ಒಂದು ಜೋಡು ನಳಿಗೆ ಕೋವಿ ಇತ್ತು. 1974ರಲ್ಲಿ ಜೀಪು ಮಗುಚಿ ಅದರ ಮರ ಕುತ್ತಿಗೆಯ ಹತ್ತಿರ ಸೀಳಿತ್ತು. ಅಪ್ಪ ಅಲ್ಲಿಗೆ ಹಿತ್ತಾಳೆ ತಂತಿ ಬಿಗಿಯಾಗಿ ಸುತ್ತಿಸಿದ್ದರು. ಅವರು ಹೋದ ಮೇಲೆ ಕೋವಿ ನನ್ನ ಹೆಸರಿಗೆ ಬಂತು. ಆಗ ನಾನು ಪೀಣ್ಯದಲ್ಲಿ ಕಾರ್ಖಾನೆಯ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣ ಮಾಡುವ ವಿಭಾಗದಲ್ಲಿದ್ದೆ, ಹೊಳೆಯುವ ಲೋಹವೇ ಒಳ್ಳೆಯ ಲೋಹ ಅಂತ ನಂಬಿದ್ದ ವಯಸ್ಸು. ಬೆಂಗಳೂರಿನಲ್ಲೇ ಒಬ್ಬ ಮೇಸ್ತ್ರಿಗೆ ಕೊಟ್ಟೆ. ಮೂರು ವಾರಕ್ಕೆ ವಾಪಸ್ ಬಂತು, ಶೋರೂಮಿನ ಕಾರಿನಂತೆ ಮಿನುಗುತ್ತಿತ್ತು. ತಂತಿ ಬಿಚ್ಚಿ ಎಸೆದಿದ್ದರು, ಸೀಳಿಗೆ ಅಂಟು ತುಂಬಿ ಉಜ್ಜಿದ್ದರು. ಎರಡೂ ಬದಿಯ ಹೂಬಳ್ಳಿ ಕೆತ್ತನೆ ನೀರು ಬಿದ್ದ ರಂಗೋಲಿಯಂತೆ ಮಸುಕಾಗಿತ್ತು. ಮುಂದಿನ ಲೈಸೆನ್ಸ್ ನವೀಕರಣದ ಹೊತ್ತಿಗೆ ಕೋವಿಯ ನಂಬರ್ ಓದಲು ಭೂತಗನ್ನಡಿ ಬೇಕಾಯಿತು. ಕಡೆಯ ಅಂಕಿ ಮೂರೋ ಎಂಟೋ ಅಂತ ಅಧಿಕಾರಿ ನಾಲ್ಕು ಸಲ ಅಲೆಸಿದರು. ತಪ್ಪು ಅವರದಲ್ಲ, ಆ ಅಂಕಿ ನನಗೂ ಓದಲು ಬರುತ್ತಿರಲಿಲ್ಲ.

ಇನ್ನೊಂದು ಕೇಡು ವರ್ಷ ಕಳೆದ ಮೇಲೆ ಗೊತ್ತಾಯಿತು. ಜೋಡು ನಳಿಗೆಯನ್ನು ಮರದಿಂದ ಬಿಡಿಸಿ, ಕೊಕ್ಕೆಗೆ ತೂಗುಹಾಕಿ ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ನಮ್ಮದು 'ಠಪ್' ಅಂದಿತು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಸೀಸ-ತವರದ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಮೇಸ್ತ್ರಿ ಮಾಡಿದ್ದು ಬಿಸಿ ಬ್ಲೂಯಿಂಗ್, ಅಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳನ್ನು ಸುಮಾರು 140 ಡಿಗ್ರಿಯಲ್ಲಿ ಕುದಿಸಿ ಅದರೊಳಗೆ ಮುಳುಗಿಸುವುದು. ಆ ಶಾಖಕ್ಕೆ ಬೆಸುಗೆ ಕರಗದು, ಆದರೆ ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಸಂದಿಯಲ್ಲಿ ಉಳಿದ ಉಪ್ಪು ಒಳಗಿನಿಂದ ತುಕ್ಕು ಹಿಡಿಸುತ್ತಲೇ ಇರುತ್ತದೆ. ನಿಮ್ಮದು ಒಂಟಿ ನಳಿಗೆ, ನಿಜ. ಆದರೆ ಕೆಲವು ಹಳೆಯ ರೈಫಲ್‌ಗಳಲ್ಲಿ ಗುರಿಕಡ್ಡಿಯ ಪೀಠವೂ ಇದೇ ಬೆಸುಗೆಯಲ್ಲಿ ಕೂತಿರುತ್ತದೆ.

ಈ ಬಿಸಿ ತೊಟ್ಟಿಯ ಪದ್ಧತಿ ಹರಡಿದ್ದೇ 1930ರ ದಶಕದ ನಂತರ. ಅದಕ್ಕೆ ಮುಂಚೆ ಉಕ್ಕಿಗೆ ಆಮ್ಲದ ದ್ರಾವಣ ಸವರಿ, ತೇವದಲ್ಲಿಟ್ಟು ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸುತ್ತಿದ್ದರು. ಆಮೇಲೆ ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಮೆತ್ತನೆಯ ಬ್ರಶ್‌ನಲ್ಲಿ ತೆಗೆದು ಮತ್ತೆ ದ್ರಾವಣ ಸವರುವುದು, ಮತ್ತೆ ಕುದಿಸುವುದು, ಹೀಗೆ ಹಲವು ಸುತ್ತು. ಹಳೆಯ ಇಂಗ್ಲಿಷ್ ಬಂದೂಕುಗಳ ಆ ಆಳವಾದ, ಮಿರುಗದ ಕಪ್ಪು ಬಂದಿದ್ದು ಹಾಗೆ. ಕಬ್ಬಿಣದ ಕೆಂಪು ಆಕ್ಸೈಡು ಲೋಹವನ್ನು ತಿನ್ನುತ್ತದೆ, ಕಪ್ಪು ಆಕ್ಸೈಡು ಅದನ್ನು ಕಾಯುತ್ತದೆ. ನಿಮ್ಮ ನಳಿಗೆಯ ಮೇಲಿನ ಕಂದು ಬಹುಪಾಲು ನೂರು ವರ್ಷದ ಕೈ, ಎಣ್ಣೆ, ಗಾಳಿ ಸೇರಿ ನೆಲೆನಿಂತ ಪದರ. ಅದನ್ನು ಕೊಳೆ ಅಂದುಕೊಳ್ಳಬೇಡಿ.

ನೆಲೆನಿಂತದ್ದು ಯಾವುದು, ಇನ್ನೂ ತಿನ್ನುತ್ತಿರುವುದು ಯಾವುದು ಅಂತ ಮನೆಯಲ್ಲೇ ನೋಡಬಹುದು. ತೋಟಾ ಇಲ್ಲವೆಂದು ಬೋಲ್ಟ್ (ತೋಟಾ ಒಳತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು ಕಣ್ಣಾರೆ ಖಚಿತ ಮಾಡಿಕೊಳ್ಳಿ. ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ಬಟ್ಟೆಗೆ ಇಟ್ಟಿಗೆ ಪುಡಿಯಂಥ ಕೆಂಪು ಹತ್ತಿದರೆ ಅದು ಜೀವಂತ ತುಕ್ಕು. ಏನೂ ಹತ್ತದೆ, ಬೆರಳಿಗೆ ನುಣುಪಾಗಿ ಸಿಕ್ಕರೆ ಬಿಟ್ಟುಬಿಡಿ. ಜೀವಂತ ತುಕ್ಕಿರುವ ಕಡೆ ಎಣ್ಣೆ ಸವರಿ ಒಂದು ದಿನ ನೆನೆಯಲು ಬಿಡಿ, ಆಮೇಲೆ ನಾಲ್ಕು ಸೊನ್ನೆ (0000) ನಂಬರಿನ, ಅತಿ ನಯವಾದ ಸ್ಟೀಲ್ ವುಲ್‌ನಲ್ಲಿ, ಎಣ್ಣೆ ಇದ್ದಂತೆಯೇ, ಭಾರ ಹಾಕದೆ ಉಜ್ಜಿ. ಒಂದೇ ದಿನಕ್ಕೆ ಮುಗಿಸುವ ಆತುರ ಬೇಡ. ಎಮರಿ ಪೇಪರ್, ತುಕ್ಕು ತೆಗೆಯುವ ಆಮ್ಲ, ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಬ್ರಶ್ ಇವು ಹತ್ತಿರಕ್ಕೂ ಬರಬಾರದು. ತುಕ್ಕು ಹೆಚ್ಚಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರು ಭಾಗಗಳನ್ನು ಬಿಚ್ಚಿ ಶುದ್ಧ ನೀರಿನಲ್ಲಿ ಕುದಿಸಿ ಕೆಂಪನ್ನು ಕಪ್ಪಾಗಿಸಬಹುದು. ಅದರಲ್ಲಿ ಉಜ್ಜಿ ಲೋಹ ಸವೆಸುವುದಿಲ್ಲ.

ನಳಿಗೆಯ ಒಳಭಾಗವನ್ನೂ ಅವರಿಗೇ ತೋರಿಸಿ. ಹಳೆಯ ತೋಟಾಗಳ ಕೇಪಿನಲ್ಲಿ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲಿನಲ್ಲಿ) ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಉಪ್ಪಾಗಿ ಒಳಗೆ ಉಳಿದು, ಗಾಳಿಯ ತೇವ ಎಳೆದುಕೊಂಡು ಗುಳಿ ಕೊರೆಯುತ್ತದೆ. ಈ ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಅದಕ್ಕೇ ಹಿಂದಿನವರು ಈಡು ಮುಗಿಸಿ ಬಂದವರೇ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಒಳಭಾಗ ನೋಡಿಸದೆ ಆ ರೈಫಲ್ಲಿನಲ್ಲಿ ಒಂದು ಗುಂಡನ್ನೂ ಹಾರಿಸಬೇಡಿ.

ಈಗ ಗುರುತುಗಳ ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ರೈಫಲ್ಲನ್ನು ಓರೆಯಾಗಿ ಹಿಡಿದು ನೋಡಿ. ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಚಿತ್ರ ಕಂಡರೆ ಅದು ಬಿಎಸ್‌ಎ ಮುದ್ರೆ. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಪುಟ್ಟ ಅಕ್ಷರಗಳಿದ್ದರೆ ಅವು ಪರೀಕ್ಷಾ ಮುದ್ರೆಗಳು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಲ್ಲಿ ಶುರುವಾದದ್ದು. ಹೆಚ್ಚಿನ ಒತ್ತಡದ ತೋಟಾ ಹಾರಿಸಿ, ಸಿಡಿಯದೆ ಉಳಿದ ನಳಿಗೆಗೆ ಮಾತ್ರ ಅಲ್ಲಿ ಮುದ್ರೆ ಬೀಳುತ್ತಿತ್ತು. ಬೋರ್ ಸಂಖ್ಯೆಗೂ ಒಂದು ಕಥೆಯಿದೆ. ಸೇನೆಯ 303 ಬೋರನ್ನು ಇಲ್ಲಿ ಜನಸಾಮಾನ್ಯರು ಇಟ್ಟುಕೊಳ್ಳುವಂತಿರಲಿಲ್ಲ, ಹಾಗಾಗಿ ಸೇನೆಯ ರೈಫಲ್ಲಿನ ಲೀ ಎಂಬ ವಿನ್ಯಾಸದ ಬೋಲ್ಟ್ ಇರುವ ರೈಫಲ್ಲನ್ನೇ 315ಕ್ಕೆ ಮಾಡಿ ಇಂಡಿಯಾದ ಮಾರುಕಟ್ಟೆಗೆ ಕಳಿಸಿದರು. ನಿಮ್ಮ ಅಜ್ಜನ ಕಾಲದ ರಾಜಕೀಯ ಆ ಉಕ್ಕಿನ ಮೇಲೆ ಅಚ್ಚಾಗಿದೆ.

ಬಫಿಂಗ್ ಚಕ್ರ, ಅಂದರೆ ಪಾಲಿಶ್‌ಗೆ ಯಂತ್ರದಲ್ಲಿ ತಿರುಗಿಸುವ ಬಟ್ಟೆಯ ಚಕ್ರ, ಈ ಅಕ್ಷರಗಳನ್ನೇ ಮೊದಲು ತಿನ್ನುತ್ತದೆ. ಇದು ಟೂಲ್ ರೂಮಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ. ಚಕ್ರ ಮೆತ್ತಗಿರುವುದರಿಂದ ಚಪ್ಪಟೆ ಜಾಗಕ್ಕಿಂತ ಅಂಚನ್ನು ಜಾಸ್ತಿ ಸವೆಸುತ್ತದೆ, ಸ್ಕ್ರೂ ತೂತಿನ ಬಾಯನ್ನು ತಟ್ಟೆಯಂತೆ ಅಗಲ ಮಾಡುತ್ತದೆ, ಕೊರೆದ ಅಕ್ಷರದ ದಂಡೆಯನ್ನು ಕರಗಿಸುತ್ತದೆ. ಹೋದ ಲೋಹವನ್ನು ಯಾವ ಬ್ಲೂಯಿಂಗೂ ವಾಪಸ್ ಕೊಡುವುದಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ 'ಬೆಂಗಳೂರು' ಎಂಬ ಹೆಸರಿರುವ ಒಂಬತ್ತನೇ ಶತಮಾನದ ವೀರಗಲ್ಲಿದೆ. ಕಲ್ಲು ಮಂಕಾಗಿದೆ ಅಂತ ಅದಕ್ಕೆ ಗ್ರಾನೈಟ್ ಪಾಲಿಶ್ ಹೊಡೆಸಿದರೆ ನಮ್ಮ ಊರಿನ ಹೆಸರೇ ಅಳಿಸಿಹೋಗುತ್ತಿತ್ತು. ನಿಮ್ಮ ಅಣ್ಣನಿಗೆ ಇದನ್ನು ಹೇಳಿ ನೋಡಿ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಮೇಲಿನ ಹೆಸರು, ನಂಬರ್, ಗುರುತು ಅಳಿಸುವುದು ಅಪರಾಧ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು, ಗುಜರಿ ರಸ್ತೆಯ ಪಾಲಿಶ್ ಅಂಗಡಿಗೆ ಕೊಡುವಂತಿಲ್ಲ. ಹಾಲ್‌ನ ಗೋಡೆಯೂ ಬೇಡ. ಬಂದೂಕಿನ ಜಾಗ ಬೀಗದೊಳಗೆ, ಅದೂ ಅಲ್ಲದೆ ಆಷಾಢದ ಗಾಳಿಯಲ್ಲಿ ಗೋಡೆಯ ತೇವಕ್ಕೆ ಒಂದೇ ಮಳೆಗಾಲ ಸಾಕು.

ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಅಕ್ರೋಟ್ ಮರ, ಕಪ್ಪಾಗಿರುವುದು ಬೆವರು ಮತ್ತು ಎಣ್ಣೆಯಿಂದ. ಉಪ್ಪುಕಾಗದ ಹಾಕಿದರೆ ಮರ ಲೋಹದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಹಿಡಿಗೆ ಕೊರೆದ ಚೌಕುಳಿ ಗೆರೆಗಳು ಮೊಂಡಾಗುತ್ತವೆ. ಟರ್ಪಂಟೈನ್‌ನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಮೇಲಿನ ಜಿಡ್ಡು ಒರೆಸಿ, ಅಗಸೆ ಎಣ್ಣೆಯ ನಾಲ್ಕೈದು ಹನಿಯನ್ನು ಅಂಗೈ ಬಿಸಿಯಲ್ಲಿ ತಿಕ್ಕಿದರೆ ನರಗಳು ಎದ್ದು ಕಾಣುತ್ತವೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ಮರ ಬಿಚ್ಚಲೇಬೇಕಾದರೆ ಮುಂದಿನ ಮರ ತೆಗೆಯದೆ ಹಿಂದಿನ ಮರವನ್ನು ಹಿಡಿದಿರುವ ತಿರುಪಿನ ಬೋಲ್ಟ್ ತಿರುಗಿಸಬೇಡಿ, ಲೀ ಜಾತಿಯ ರೈಫಲ್‌ಗಳ ಮರ ಸೀಳುವುದು ಹಾಗೆಯೇ.

ಆಯುಧಪೂಜೆಯ ವಿಷಯವನ್ನೂ ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ಕೋವಿಗಳಲ್ಲಿ ನಳಿಗೆಯ ಮೇಲೆ ಸಾಲಾಗಿ ಮೂರು ತುಕ್ಕಿನ ಬೊಟ್ಟು ಇರುತ್ತದೆ, ವರ್ಷ ವರ್ಷವೂ ಒದ್ದೆ ಗಂಧ, ಕುಂಕುಮ ಇಟ್ಟ ಜಾಗ. ಪೂಜೆ ಬಿಡಿ ಅನ್ನುತ್ತಿಲ್ಲ. ಗಂಧವನ್ನು ಕೆಳಗೆ ಹಾಸಿದ ಬಟ್ಟೆಗೆ ಇಡಿ, ನಳಿಗೆಗೆ ಹೂವು ಸಾಕು. ಕೊಡವರು ತಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿನಲ್ಲಿ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಕಾಡುಹೂವು ಸಿಕ್ಕಿಸುವುದು ಎಷ್ಟು ಚೆಂದ! ಸಂಜೆಗೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿಬಿಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾದರೆ ಹಿಂದಿನ ದಿನ ಲೋಹಕ್ಕೆಲ್ಲ ತೆಳುವಾಗಿ ಮೇಣ ಹಚ್ಚಿ. ವಾರಗಟ್ಟಲೆ ಯಾರೂ ಒರೆಸುವುದಿಲ್ಲ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹೀರಿ ಉಕ್ಕಿಗೆ ದಾಟಿಸುತ್ತದೆ.

ಹಾಗಾದರೆ ಹೊಸ ಬಣ್ಣ ಹಾಕಿಸುವ ಸಂದರ್ಭವೇ ಇಲ್ಲವೇ? ಇದೆ. ಹಿಂದೆ ಯಾರೋ ಬಫ್ ಮಾಡಿ ಕೆಡಿಸಿದ್ದರೆ, ಅಥವಾ ತುಕ್ಕು ತಿಂದು ಮೂಲ ಮೇಲ್ಮೈಯೇ ಉಳಿದಿಲ್ಲದಿದ್ದರೆ, ಕೈಯಲ್ಲೇ ಉಜ್ಜಿ ಹಳೆಯ ನಿಧಾನದ ಪದ್ಧತಿಯಲ್ಲಿ ಕಪ್ಪು ಮಾಡಿಸುವುದು ನ್ಯಾಯ. ಅಪ್ಪನ ಕೋವಿಗೆ ನಾನು ಕೊನೆಗೆ ಅದನ್ನೇ ಮಾಡಿಸಿದೆ, ಪಟ್ಟಿಯ ಬೆಸುಗೆ ಹೊಸದಾಗಿ ಹಾಕಿಸಿ. ಹಿತ್ತಾಳೆ ತಂತಿಯನ್ನೂ ಮತ್ತೆ ಸುತ್ತಿಸಿದ್ದೇನೆ, ಆದರೆ ಅಪ್ಪನ ಸುತ್ತು ಎಡದಿಂದ ಬಲಕ್ಕಿತ್ತೋ ಬಲದಿಂದ ಎಡಕ್ಕೋ ನೆನಪಾಗಲಿಲ್ಲ. ಒಂದು ಫೋಟೋ ಕೂಡ ತೆಗೆದಿಟ್ಟಿರಲಿಲ್ಲ.

ಆದ್ದರಿಂದ ನೀವು ಎಣ್ಣೆ ಮುಟ್ಟುವ ಮೊದಲೇ ಎಲ್ಲ ಬದಿಯಿಂದ ಫೋಟೋ ತೆಗೆದಿಡಿ. ಬಟ್ಟೆಗೆ ಯಾವ ಬಣ್ಣ ಹತ್ತಿತು ಅಂತ ಇಲ್ಲೇ ಬರೆಯಿರಿ, ಮುಂದೇನು ಮಾಡಬೇಕೆಂದು ಹೇಳುತ್ತೇನೆ. ಫೋಟೋ ಹಾಕುವುದಾದರೆ ನಂಬರ್ ಕಾಣದಂತೆ ಮುಚ್ಚಿ ಹಾಕಿ.