ಆರು ವರ್ಷದ ಪ್ರಾರ್ಥನೆ

ಇದನ್ನು ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಊರು, ಕೆಲಸ, ಹಣದ ಲೆಕ್ಕ ಎಲ್ಲ ಬದಲಾಯಿಸಿದ್ದೇನೆ.

ಆ ಮನೆಯ ಯಜಮಾನರಿಗೆ 51 ವರ್ಷ. ಧಾರವಾಡದ ಕಡೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಕ್ರೈಸ್ತ ಸಭೆಯಲ್ಲಿ (ಚರ್ಚ್) ಇರುವ ಮನೆತನ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಹೆಂಡತಿಯೇ ಕರೆದುಕೊಂಡು ಬಂದಿದ್ದರು. ರಾತ್ರಿ 2 ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಇರುವ ಭಾನುವಾರ ಆರಾಧನೆಯ ಮಧ್ಯೆ ಎದ್ದು ಹೋಗಿ ಬೈಕ್ ಹತ್ತಿರ ನಿಂತುಬಿಡುತ್ತಾರೆ. ಕೇಳಿದರೆ ಫೋನ್ ಬಂದಿತ್ತು ಅಂತಾರೆ.

ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ನಿದ್ದೆ ಬರದೇ ಇರುವುದಕ್ಕೆಲ್ಲ ಒಳಗೆ ಪಾಪ ಬಚ್ಚಿಟ್ಟಿರಬೇಕು ಅಂತ ಏನೂ ಇಲ್ಲ. ಹಾಗೆ ಹೇಳಿ ಹೇಳಿಯೇ ನಮ್ಮ ಸಭೆಗಳಲ್ಲಿ ಎಷ್ಟೋ ಜನರನ್ನು ಇನ್ನಷ್ಟು ಕುಗ್ಗಿಸಿದ್ದೇವೆ. ಸ್ವಲ್ಪ ಬಿಪಿ ಇತ್ತು, ಮಾತ್ರೆ ಶುರುವಾಯಿತು. ಎರಡು ವಾರ ಬಿಟ್ಟು ಅವರೊಬ್ಬರೇ ಬಂದರು.

"ಅಕ್ಕಾರ, ದೇವ್ರು ನನ್ನ ಜೋಡಿ ಮಾತಾಡೂದ ಬಿಟ್ಟಾನ್ರೀ" ಅಂದರು.

"ಕಡೀಕ ಮಾತಾಡಿದಾಗ ಏನ್ ಹೇಳಿದ್ರೀ?" ಅಂತ ಕೇಳಿದೆ.

ತುಂಬಾ ಹೊತ್ತು ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ತಿರುಗಿಸುತ್ತಾ ಕೂತರು. ಆಮೇಲೆ ತಂಗಿಯ ವಿಷಯ ಬಂತು.

ಅಪ್ಪ ಮೊದಲು ಹೋದರು, ಅವ್ವ ಆಮೇಲೆ. ಉಯಿಲು ಯಾರೂ ಬರೆದಿರಲಿಲ್ಲ. ಮಕ್ಕಳು ಇಬ್ಬರೇ, ಇವರು ಮತ್ತು ಒಬ್ಬಳು ತಂಗಿ. ಅವ್ವನ ಮಣ್ಣಾದ ಒಂಬತ್ತನೇ ದಿನ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟು, "ಸುಮ್ನ ಒಂದ್ ಸೈನ್ ಹಾಕವಾ, ಮುಂದ ನೋಡೋಣು" ಅಂದಿದ್ದರು. ಅಣ್ಣ ಹೇಳಿದ ಅಂತ ಆಕೆ ಓದದೇ ಹಾಕಿದಳು. ಅಪ್ಪ-ಅವ್ವನ ಮನೆ 18 ಲಕ್ಷಕ್ಕೆ ಹೋಯಿತು. ತಂಗಿಗೆ ಒಂದು ಸೀರೆ ಉಡಿಸಿ 1 ಲಕ್ಷ ಕೊಟ್ಟರು. ಉಳಿದದ್ದು ಇವರ ಹೊಸ ಮನೆಗೆ, ಮಗನ ಓದಿಗೆ ಹೋಯಿತು.

ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳು ಅನ್ನುವ ಭೇದ ಇಲ್ಲ. ಅರ್ಧ ಆಕೆಯದು. ಇದು ಅವರಿಗೂ ಗೊತ್ತಿತ್ತು. "ಆದ್ರ ಸೈನ್ ಆಗೇತಲ್ರೀ" ಅನ್ನುವ ಮಾತಿಗೆ ಆತುಕೊಂಡು ಆರು ವರ್ಷ ಕಳೆದಿದ್ದರು.

ಮನೆ ಮಾರಿದ ವರ್ಷವೇ ಒಂದು ಭಾನುವಾರ ಸತ್ಯವೇದದ (ಬೈಬಲ್) ಮತ್ತಾಯ 5ನೇ ಅಧ್ಯಾಯದ ಮೇಲೆ ಸಭೆಯಲ್ಲಿ ಪ್ರಸಂಗ (ಬೋಧನೆ) ಆಗಿತ್ತಂತೆ. ಕಾಣಿಕೆ ತಂದವನಿಗೆ, ತನ್ನ ಮೇಲೆ ಸಹೋದರನದು ಏನೋ ದೂರಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅನ್ನುವ ಭಾಗ. ಕೂತಲ್ಲೇ ತಂಗಿಯ ಮುಖ ಕಣ್ಣ ಮುಂದೆ ಬಂತು. ಅವತ್ತೇ ಸಭಾಪಾಲಕರ (ಪಾದ್ರಿ) ಹತ್ತಿರ ಹೋಗಿ, "ಒಂದು ಕೌಟುಂಬಿಕ ವಿಷಯ ಐತಿ, ಪ್ರಾರ್ಥನಾ ಮಾಡ್ರಿ" ಅಂದರು. ಏನು ವಿಷಯ ಅಂತ ಹೇಳಲಿಲ್ಲ. ಅಲ್ಲಿಂದ ಆರು ವರ್ಷ "ಪ್ರಾರ್ಥನಾ ಮಾಡಾಕತ್ತೇನಿ". ನಡುವೆ ಉಪವಾಸ ಮಾಡಿದರು. ಸಭೆಗೆ ಕೀಬೋರ್ಡ್ ಕೊಡಿಸಿದರು. ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು 5,000 ರೂಪಾಯಿಗೆ ಕೂಗಿ ತಗೊಂಡರು.

ನಾನು ಸತ್ಯವೇದದ 1 ಸಮುವೇಲ 15ನೇ ಅಧ್ಯಾಯವನ್ನು ತೆಗೆದು ಓದಲು ಕೊಟ್ಟೆ. ಶತ್ರುಗಳಾದ ಅಮಾಲೇಕ್ಯರದು ಏನನ್ನೂ ಉಳಿಸಬೇಡ ಅಂತ ರಾಜ ಸೌಲನಿಗೆ ದೇವರ ಅಪ್ಪಣೆ ಇತ್ತು. ಅವನು ಒಳ್ಳೊಳ್ಳೆಯ ಕುರಿ, ದನಗಳನ್ನು ಉಳಿಸಿಕೊಂಡ. ಕೇಳಿದರೆ, ದೇವರಿಗೆ ಯಜ್ಞ ಕೊಡೋದಕ್ಕೆ ಅಂದ. ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಅಂತ ಪ್ರವಾದಿ ಸಮುವೇಲ ಕೇಳುವಲ್ಲಿಗೆ ಬಂದಾಗ ಅವರು ಓದು ನಿಲ್ಲಿಸಿದರು. ಸತ್ಯವೇದ ಮುಚ್ಚಿ, "ಕುಂಬಳಕಾಯಿ" ಅಂದರು. ಕಣ್ಣು ತುಂಬಿತ್ತು.

ಪ್ರಾರ್ಥನೆಯ ಮೇಲೆ ನನಗೆ ಎಷ್ಟು ನಂಬಿಕೆ ಇದೆಯೋ, ಅದನ್ನು ಮುಂದೂಡುವುದಕ್ಕೆ ಬಳಸುವುದನ್ನು ಕಂಡರೆ ಅಷ್ಟೇ ಸಂಕಟ ಆಗುತ್ತದೆ. ದೇವರ ಚಿತ್ತ ಏನು ಅಂತ ಗೊತ್ತಿಲ್ಲದಾಗ ಕಾದು ಕೂರಬೇಕು, ಸರಿ. ಗೊತ್ತಿರುವಾಗ ಇನ್ನೇನು ಕೇಳೋದು? ಸತ್ಯವೇದದಲ್ಲಿ ಬರುವ ರೋಮನ್ ರಾಜ್ಯಪಾಲ ಫೇಲಿಕ್ಸ್ ಕೂಡ, ತನ್ನ ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತು ಕೇಳಿ ನಡುಗಿದವನೇ. ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ಆಮೇಲೆ ಎಷ್ಟೋ ಸಲ ಕರೆಸಿ ಮಾತಾಡಿದ, ಆದರೂ ಎರಡು ವರ್ಷ ಕಳೆದ ಮೇಲೆ ಪೌಲನನ್ನು ಸೆರೆಯಲ್ಲೇ ಬಿಟ್ಟು ಹೋದ. ನಡುಗೋದು ಬೇರೆ, ಎದ್ದು ಹೊರಡೋದು ಬೇರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದೇ ಬುದ್ಧಿಮಾತನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಬಂದಿದ್ದಳು. ತಲೆಯಲ್ಲಿ ಬಂದ ಪ್ರತಿ ಯೋಚನೆಯೂ ದೇವರ ಅಪ್ಪಣೆ, ತಕ್ಷಣ ಮಾಡದಿದ್ದರೆ ಶಿಕ್ಷೆ ಅಂತ ಹೆದರಿ, ಬಸ್ಸಿಂದ ನಡುದಾರಿಯಲ್ಲಿ ಇಳಿದು ಗೊತ್ತಿಲ್ಲದವರ ಕ್ಷಮೆ ಕೇಳುತ್ತಿದ್ದಳು. ಆಕೆಗೆ "ಬೇಗ ವಿಧೇಯಳಾಗು" ಅಂದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಆಕೆಯನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ, ಈಗ ಚೆನ್ನಾಗಿದ್ದಾಳೆ. "ದೇವರು ಹೇಳಿದ್ದಾರೆ, ಇವತ್ತೇ ಇಷ್ಟು ಹಣ ಕೊಡು" ಅಂತ ಅವಸರ ಮಾಡುವವರ ಮುಂದೆಯೂ ತಡ ಮಾಡೋದೇ ಸರಿ. ಆದರೆ ತಂಗಿಯ ಪಾಲು ತಂಗಿಗೆ ಕೊಡು ಅನ್ನುವುದಕ್ಕೆ ದರ್ಶನ ಬೇಕಾಗಿಲ್ಲ ಅಲ್ವಾ?

ಅವರಿಗೆ ಹೇಳಿದ್ದು ಇಷ್ಟು. ಇವತ್ತು ಮನೆಗೆ ಹೋಗಿ ಮೊದಲು ಹೆಂಡತಿಗೆ ಪೂರ್ತಿ ಲೆಕ್ಕ ಹೇಳಿ. ಈ ಸಾಲ ತೀರಿಸುವುದು ಮನೆಯ ಹಣದಿಂದ, ಆಕೆಗೆ ತಿಳಿಯದೇ ಆಗುವುದಿಲ್ಲ. ನಾಳೆ ತಂಗಿಯ ಊರಿಗೆ ಹೋಗಿ, ಫೋನಿನಲ್ಲಿ ಬೇಡ. "ದೇವ್ರು ಹೇಳಿದ, ಅದಕ್ಕ ಬಂದೆ" ಅಂತ ಶುರು ಮಾಡಬೇಡಿ, ಆಗ ಆಕೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಜಾಗ ಇರುವುದಿಲ್ಲ. "ನಿನ್ನ ಪಾಲು ನಾನು ಇಟ್ಟುಕೊಂಡೆ" ಅನ್ನಿ. ಕ್ಷಮಿಸು ಅಂತ ಒತ್ತಾಯ ಬೇಡ, ಅದು ಆಕೆಯ ಸಮಯ. ಹಣ ಎಷ್ಟು, ಯಾವಾಗ ಅಂತ ಬಾಂಡ್ ಪೇಪರಿನಲ್ಲಿ ಬರೆದು ಸಹಿ ಹಾಕಿ. ಹಿಂದೆ ಆಕೆ ನಿಮ್ಮ ಬಾಯಿಮಾತನ್ನು ನಂಬಿ ಕೆಟ್ಟಿದ್ದಾಳೆ.

ಅವರಿಗೆ ಒಂದು ಆಸೆ ಇತ್ತು. ಮುಂದಿನ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಿ, ಅಂದರೆ ದೇವರು ತನ್ನನ್ನು ತಿದ್ದಿದ್ದನ್ನು ಎಲ್ಲರ ಮುಂದೆ ಹೇಳಿ, ಸೋಮವಾರ ತಂಗಿಯ ಹತ್ತಿರ ಹೋಗಬೇಕು ಅಂತ. ಬೇಡವೇ ಬೇಡ ಅಂದೆ. ಸಾಲ ತೀರುವವರೆಗೆ ವಿಶೇಷ ಕಾಣಿಕೆಯೂ ಬೇಡ ಅಂದೆ. ಆ ದುಡ್ಡು ಈಗ ತಂಗಿಯದು.

ಬಾಕಿ ಇದ್ದದ್ದು 8 ಲಕ್ಷ. ಸತ್ಯವೇದದ ಯಾಜಕಕಾಂಡ 6ನೇ ಅಧ್ಯಾಯದಲ್ಲಿ, ಮೋಸದಿಂದ ತೆಗೆದುಕೊಂಡದ್ದನ್ನು ಐದರಲ್ಲೊಂದು ಪಾಲು ಕೂಡಿಸಿ ತಿರುಗಿ ಕೊಡಬೇಕು, ಅದೂ ಪ್ರಾಯಶ್ಚಿತ್ತದ ಯಜ್ಞ ತರುವ ದಿನವೇ ಕೊಡಬೇಕು ಅಂತಿದೆ. ಅದನ್ನು ನಾನು ಹೇಳಿರಲಿಲ್ಲ, ಅವರೇ ಹುಡುಕಿಕೊಂಡು ಬಂದರು. ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು: 9,60,000. ಎಫ್‌ಡಿ ಮುರಿಸಿ 3 ಲಕ್ಷ, ಉಳಿದದ್ದಕ್ಕೆ ತಿಂಗಳಿಗೆ 20,000ದ ಹಾಗೆ 33 ಕಂತು. ಸತ್ಯವೇದದ ಸುಂಕದವ ಜಕ್ಕಾಯ, ಯೇಸುಸ್ವಾಮಿಯನ್ನು ನೋಡಲು ಹತ್ತಿದ್ದ ಮರದಿಂದ ಅವರು ಕರೆದಾಗ ತಟ್ಟನೆ ಇಳಿದ, ಅವರ ಎದುರು ನಿಂತೇ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಇವರ ಇಳಿಯುವಿಕೆ ನಿಧಾನವಾಗಿತ್ತು. ಆದರೆ ಇಳಿಯಲು ಶುರು ಮಾಡಿದ ಮೇಲೆ ಅರ್ಧದಲ್ಲಿ ನಿಲ್ಲಲಿಲ್ಲ.

ಹೆಂಡತಿ ನಾಲ್ಕು ದಿನ ಮಾತು ಬಿಟ್ಟರು. ಐದನೇ ದಿನ ತಮ್ಮ ಬಳೆ ತಂದು ಮೇಜಿನ ಮೇಲೆ ಇಟ್ಟರಂತೆ. ಅವನ್ನು ಮಾರುವುದು ಬೇಡ, ಈ ಸಾಲ ಅವರದಲ್ಲ ಅಂತ ನಾನೇ ತಡೆದೆ.

ತಂಗಿ ಹಣದ ಮಾತು ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಚಹಾ ತಂದು ಕೊಟ್ಟು ಬಾಗಿಲ ಹತ್ತಿರ ನಿಂತು, "ಅಣ್ಣಾ, ಅವ್ವನ ಹೊಲಿಗಿ ಮಷಿನ್ ಎಲ್ಲೈತಿ?" ಅಂತ ಕೇಳಿದಳು. ಮನೆ ಖಾಲಿ ಮಾಡುವಾಗ ಅದನ್ನು ಗುಜರಿಯವನಿಗೆ ಹಾಕಿದ್ದರು. ಅದನ್ನು ಹೇಳಿದಾಗ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಹೊರಗೆ ಕೇಳುತ್ತಿತ್ತು. ಇವರು ಜಗಲಿಯ ಮೇಲೆ ಸಂಜೆ ತನಕ ಕೂತಿದ್ದರು. ಬಸ್ಸಿಗೆ ಹೊರಡುವಾಗಲೂ ಬಾಗಿಲು ತೆರೆದಿರಲಿಲ್ಲ.

ಮುಂದಿನ ಸಲ ನನ್ನ ಹತ್ತಿರ ಬಂದಾಗ, "ಆಕಿ ಕ್ಷಮಿಸಿಲ್ರೀ ಅಕ್ಕಾರ. ನಾನು ಭೋಜನಕ್ಕ ಹೋಗಬಹುದೇನ್ರೀ?" ಅಂದರು. ಅದು ನಾನು ಹೇಳುವ ಮಾತಲ್ಲ, ಈ ಸಲ ಸಭಾಪಾಲಕರಿಗೆ ವಿಷಯ ಪೂರ್ತಿ ಹೇಳಿ ಕೇಳಿ ಅಂದೆ. ಹೇಳಿದರು. ಅವರು ಕೈ ಹಿಡಿದು ಪ್ರಾರ್ಥನೆ ಮಾಡಿ, ಬನ್ನಿ ಅಂದರಂತೆ.

ಏಳನೇ ಕಂತು ಈ ತಿಂಗಳ 3ಕ್ಕೆ ಹೋಗಿದೆ. ಹೋದ ತಿಂಗಳವರೆಗೆ ತಂಗಿಯಿಂದ ಯಾವ ಉತ್ತರವೂ ಇರಲಿಲ್ಲ. ಈ ಸಲ ಹಣ ಬಂದದ್ದಕ್ಕೆ ಒಂದು ಮೆಸೇಜ್ ಬಂತು: "ಬಂತು ಅಣ್ಣಾ. ಬಿಪಿ ಮಾತ್ರೆ ತಗೋತಿಯಿಲ್ಲೋ?"