ಬೋಟಿಗೆ ಸ್ಪೀಕರ್: ಕೊರೆಯುವ ಮೊದಲು ತಟ್ಟಿ ನೋಡಿ

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕು, ಆಲಮಟ್ಟಿ ಹಿನ್ನೀರಿನ ದಂಡೆಯ ಊರು. 16 ಅಡಿಯ ಫೈಬರ್ ಬೋಟ್ ಇದೆ. ಬೀಗರು, ನೆಂಟರು ಬಂದಾಗ ಒಂದು ಸುತ್ತು ಹಾಕಿಸುತ್ತೇವೆ. ಅದಕ್ಕೆ ಆರೂವರೆ ಇಂಚಿನ ಎರಡು ಸ್ಪೀಕರ್ ತಂದಿದ್ದೇನೆ. ಹಿಂದಿನ ಸೀಟಿನ ಕೆಳಗಿನ ಪೆಟ್ಟಿಗೆಗೆ ತೂತು ಕೊರೆದು ಕೂರಿಸಬೇಕು ಅಂತ ಯೋಚನೆ. ನಮ್ಮೂರ ಬಡಿಗರು ‘ಫೈಬರ್ ಸೀಳ್ತೈತಿ, ನಾ ಕೈ ಹಚ್ಚಂಗಿಲ್ಲ’ ಅನ್ನುತ್ತಿದ್ದಾರೆ. ಹೇಗೆ ಕೊರೆಯಬೇಕು?

ಉತ್ತರ: ಬಡಿಗರ ಹೆದರಿಕೆ ಅರ್ಧ ಸರಿ. ಅದಕ್ಕೆ ಆಮೇಲೆ ಬರುತ್ತೇನೆ. ನನಗೆ ಹೆದರಿಕೆ ಆಗಿದ್ದು ನಿಮ್ಮ ‘ಸೀಟಿನ ಕೆಳಗಿನ ಪೆಟ್ಟಿಗೆ’ ಓದಿ.

ಸಣ್ಣ ಫೈಬರ್ ಬೋಟುಗಳಲ್ಲಿ ಆ ಪೆಟ್ಟಿಗೆ ಎಷ್ಟೋ ಸಲ ಸಾಮಾನು ಇಡಲು ಇರುವುದಲ್ಲ. ಒಳಗೆ ಗಾಳಿ ಇಲ್ಲವೇ ಫೋಮ್ ತುಂಬಿ ಮುಚ್ಚಿರುತ್ತಾರೆ. ಬೋಟಿನೊಳಗೆ ನೀರು ತುಂಬಿದರೂ ಮುಳುಗದೆ ತೇಲಿಸುವುದು ಅದೇ. ಅದಕ್ಕೆ ಐದು ಇಂಚಿನ ತೂತು ಕೊರೆದು ಸ್ಪೀಕರ್ ಕೂರಿಸಿದರೆ ಹಾಡೇನೋ ಚೆನ್ನಾಗಿಯೇ ಕೇಳುತ್ತದೆ. ಬೋಟ್ ಮಗುಚಿದ ದಿನ ಲೆಕ್ಕ ಗೊತ್ತಾಗುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಫೈಬರ್ ಕೆಲಸಕ್ಕೆ ಇಳಿದ ಹೊಸತರಲ್ಲಿ ಹಿಡಕಲ್ ಕಡೆಯ ಗೆಳೆಯನೊಬ್ಬನ ಬೋಟಿಗೆ ಹೀಗೇ ಕೈ ಹಾಕಿದ್ದೆ. ಡ್ರಿಲ್ ಒಳಗೆ ಹೋದ ಕೂಡಲೇ ತೂತಿನಿಂದ ಹಳದಿ ನೀರು ತೊಟ್ಟಿಕ್ಕಿತು. ‘ಏನ್ರೀ ಇದು, ಬೋಟ್ ಅಳಾಕತ್ತೈತಲ್ರೀ’ ಅಂದ ಅವನು. ಫೋಮ್ ಮೊದಲೇ ನೀರು ಕುಡಿದು ಕೂತಿತ್ತು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಕಾಯಿಲೆ ಗೊತ್ತಾಯಿತು. ಆದರೆ ಸ್ಪೀಕರ್ ಹಾಕಲು ಹೋದವನು ಇಡೀ ಸೀಟು ಬಿಚ್ಚಿ ಕಟ್ಟಿಕೊಡಬೇಕಾಯಿತು, ಅದೂ ಪುಕ್ಕಟೆ.

ಹಾಗಾಗಿ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಾಳಿ, ಮಂಕು ಸದ್ದು ಬಂದರೆ ಫೋಮ್ ಅಥವಾ ಮರ. ಪೆಟ್ಟಿಗೆಗೆ ಬಾಗಿಲಿಲ್ಲ, ಸುತ್ತಲೂ ಮುಚ್ಚಿದೆ ಅಂದರೆ ಅದರ ತಂಟೆಗೇ ಹೋಗಬೇಡಿ. ಬೋಟಿನ ಪಕ್ಕದ ಗೋಡೆಯೂ ಬೇಡ. ನಮ್ಮ ಕಡೆಯ ಸಣ್ಣ ಬೋಟುಗಳಲ್ಲಿ ಒಳಗೊಂದು ಹೊರಗೊಂದು ಅಂತ ಎರಡು ಪದರ ಇರುವುದು ಕಡಿಮೆ. ಒಳಗಿನಿಂದ ಕೊರೆದರೆ ಹೊಳೆಯೇ ಕಾಣುತ್ತದೆ.

ಉಳಿಯುವುದು ಸ್ಟೀರಿಂಗ್ ಇರುವ ಕನ್ಸೋಲ್. ಅದರ ಹಿಂಬದಿಗೆ ಕೈ ಹಾಕಿ ನೋಡಬಹುದು. ಅಲ್ಲಿ ಕೊರೆಯಿರಿ. ಕನ್ಸೋಲ್ ಇಲ್ಲವೇ? ಹಾಗಾದರೆ ಕೊರೆಯಲೇಬೇಡಿ. ಪ್ಲೈವುಡ್ಡಿನ ಪುಟ್ಟ ಡಬ್ಬಿ ಮಾಡಿಸಿ, ರೆಸಿನ್ (ಫೈಬರ್ ಕೆಲಸಕ್ಕೆ ಬಳಸುವ, ಕಲಸಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಬಳಿದು, ಮೇಲ್ಛಾವಣಿಯ ಪೈಪಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಆ ಕೆಲಸಕ್ಕೆ ನಿಮ್ಮ ಬಡಿಗರೂ ಒಪ್ಪುತ್ತಾರೆ.

ಇನ್ನು ಕೊರೆಯುವ ವಿಷಯ. ಸ್ಪೀಕರ್ ಆರೂವರೆ ಇಂಚು ಅಂತ ಆರೂವರೆ ಇಂಚಿನ ತೂತು ಹೊಡೆಯಬೇಡಿ. ಹೊರಗಿನ ರಿಂಗ್ ಕೂರಲು ಜಾಗ ಬೇಕಲ್ವಾ? ತೂತು ಸಾಮಾನ್ಯವಾಗಿ ಐದರಿಂದ ಐದೂವರೆ ಇಂಚಿನೊಳಗೆ ಇರುತ್ತದೆ. ಡಬ್ಬದಲ್ಲಿ ಬರುವ ಕಾಗದದ ಅಚ್ಚನ್ನೇ ನಂಬಿ. ಸ್ಪೀಕರಿನ ಆಳವನ್ನೂ ಅಳೆಯಿರಿ, ಹಿಂದೆ ಅಷ್ಟು ಜಾಗ ಇರಬೇಕು.

ಅಚ್ಚಿನ ನಡುವೆ 3 ಮಿ.ಮೀ. ತೂತು ಹಾಕಿ. ತೆಳುವಾದ ತಂತಿಯನ್ನು ತುದಿಯಿಂದ ಎರಡೂ ಮುಕ್ಕಾಲು ಇಂಚಿಗೆ L ಆಕಾರದಲ್ಲಿ ಮಡಚಿ, ಒಳಗೆ ತೂರಿಸಿ ಒಂದು ಸುತ್ತು ತಿರುಗಿಸಿ. ಎಲ್ಲೂ ತಾಗದಿದ್ದರೆ ಹಿಂದೆ ಜಾಗ ಇದೆ. ತಾಗಿದರೆ ಅಲ್ಲಿ ಮರದ ಪಟ್ಟಿಯೋ ವೈರೋ ಪೆಟ್ರೋಲ್ ಪೈಪೋ ಇದೆ, ಜಾಗ ಬದಲಿಸಿ. ಆ ಸಣ್ಣ ತೂತನ್ನು ಒಂದು ಚಿಟಿಕೆ ರೆಸಿನ್ನಿನಲ್ಲಿ ಮುಚ್ಚಬಹುದು.

ಈಗ ಬಡಿಗರ ಮಾತಿಗೆ ಬರೋಣ. ಸೀಳುವುದು ಫೈಬರ್ ಅಲ್ಲ, ಅದರ ಮೇಲಿನ ಹೊಳಪಿನ ಪದರ, ಅಂದರೆ ಜೆಲ್ ಕೋಟ್. ಸುಮಾರು ಅರ್ಧ ಮಿ.ಮೀ. ದಪ್ಪ, ಹಪ್ಪಳದಂತೆ ಗರಿಗರಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಗೆರೆ ಎಳೆಯಿರಿ. ಟೈಲ್ಸ್ ಕೊರೆಯುವ ಡೈಮಂಡ್ ಹೋಲ್ ಸಾ (ದುಂಡಗೆ ತೂತು ಕೊಯ್ಯಲು ಡ್ರಿಲ್ಲಿಗೆ ಹಾಕುವ ಬಟ್ಟಲಿನಂಥ ಗರಗಸ) ಸಿಕ್ಕರೆ ಅದೇ ವಾಸಿ. ಹಲ್ಲಿರುವ ಹೋಲ್ ಸಾ ಆದರೆ ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ. ಹಲ್ಲು ಕಚ್ಚದೆ ಉಜ್ಜುತ್ತಾ ಜೆಲ್ ಕೋಟನ್ನು ತೇಯುತ್ತದೆ. ಬಿಳಿ ಪುಡಿ ನಿಂತು ಒಳಗಿನ ನಾರು ಕಂಡಾಗ ಡ್ರಿಲ್ಲನ್ನು ಸರಿ ದಿಕ್ಕಿಗೆ ಹಾಕಿ. ಒತ್ತಬೇಡಿ, ಡ್ರಿಲ್ಲಿನ ಭಾರವೇ ಸಾಕು.

ಜಿಗ್‌ಸಾ (ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟ್ ಗರಗಸ) ಬಳಸುತ್ತೀರಾ? ಮಾಮೂಲಿ ಬ್ಲೇಡ್ ಮೇಲಕ್ಕೆ ಬರುವಾಗ ಕೊಯ್ಯುತ್ತದೆ, ಬರುವಾಗಲೇ ಜೆಲ್ ಕೋಟನ್ನು ಎಬ್ಬಿಸುತ್ತದೆ. ಹಲ್ಲು ಕೆಳಮುಖ ಇರುವ ಬ್ಲೇಡ್ ಕೇಳಿ ತನ್ನಿ. ಜಿಗ್‌ಸಾದ ತಳಕ್ಕೂ ಟೇಪ್ ಸುತ್ತಿ, ಇಲ್ಲದಿದ್ದರೆ ಬೋಟಿನ ಮೈಗೆ ಗೀರು ಬೀಳುತ್ತದೆ.

ಕೊರೆದ ಅಂಚಿನಲ್ಲಿ ಎರಡು ಫೈಬರ್ ಪದರದ ನಡುವೆ ಮರ ಕಂಡರೆ ಹಾಗೇ ಬಿಡುವಂತಿಲ್ಲ. ನೀರು ಇಳಿದು ಮರ ಒಳಗಿಂದೊಳಗೇ ಕೊಳೆಯುತ್ತದೆ. ಅಂಚಿನ ಮರವನ್ನು ಒಂದು ಸೆಂ.ಮೀ. ಕೆರೆದು ತೆಗೆದು ಎಪಾಕ್ಸಿ (ಎರಡು ದ್ರವ ಕಲಸಿ ಹಾಕುವ ಗಟ್ಟಿ ಅಂಟು) ತುಂಬಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬೋಟ್ ದಂಡೆಯ ಮೇಲಿರುವಾಗಲೇ ಇದನ್ನು ಮಾಡುವುದು ಸುಲಭ. ಆದರೆ ನಮ್ಮ ಬಿಸಿಲಿಗೆ ಎಪಾಕ್ಸಿ ಕಪ್ಪಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಗಟ್ಟಿಯಾಗಿಸುವ ದ್ರವ, ಅಂದರೆ ಹಾರ್ಡ್‌ನರ್ ಕಡಿಮೆ ಹಾಕಿ ನಿಧಾನ ಮಾಡೋಣ ಅನ್ನುವ ಉಪಾಯ ಎಪಾಕ್ಸಿಗೆ ನಡೆಯಲ್ಲ, ಅದು ಒಣಗುವುದೇ ಇಲ್ಲ. ಎಪಾಕ್ಸಿ ಬಿಟ್ಟು ಮಾಮೂಲಿ (ಪಾಲಿಯೆಸ್ಟರ್) ರೆಸಿನ್ ತಂದರೆ ಇನ್ನೊಂದು ಎಚ್ಚರ. ಬೇಗ ಗಟ್ಟಿಯಾಗಲು ಹಾಕುವ ಎಕ್ಸಲರೇಟರ್ ಮತ್ತು ಹಾರ್ಡ್‌ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಮೊದಲು ಎಕ್ಸಲರೇಟರನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್.

ಪುಡಿಯ ಬಗ್ಗೆ ಉದಾಸೀನ ಬೇಡ, ಅದು ಗಾಜಿನ ನಾರು. ಒಳ್ಳೆಯ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಿದರೆ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಾರೆ. ನಮ್ಮನೆಯಲ್ಲಿ ಒಂದು ಸಲ ಆಗಿದೆ, ಆ ಮಾತು ಇವತ್ತಿಗೂ ಕೇಳುತ್ತಿದ್ದೇನೆ.

ಪ್ರಶ್ನೆ: ಹೋದ ವರ್ಷ ಬೋಟಿಗೆ ಸ್ಪೀಕರ್ ಹಾಕಿಸಿದೆವು. ಈಗ ಪ್ರತಿ ಸ್ಕ್ರೂ ಸುತ್ತ ಜೇಡರ ಬಲೆಯಂಥ ಬಿರುಕು ಬಂದಿದೆ. ಬೋಟ್ ಕೆಟ್ಟಿತೇ? (ನಿಡಗುಂದಿಯಿಂದ)

ಉತ್ತರ: ಕೆಟ್ಟಿಲ್ಲ. ಸ್ಕ್ರೂ ಜೆಲ್ ಕೋಟನ್ನು ಕಚ್ಚಿಕೊಂಡು ಇಳಿದಿದೆ, ಅದಕ್ಕೇ ಬಿರುಕು. ಸ್ಕ್ರೂ ಬಿಚ್ಚಿ, ತೂತಿನ ಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಸ್ವಲ್ಪ ಅಗಲ ಮಾಡಿ. ಸ್ಕ್ರೂ ಒಳಗಿನ ಫೈಬರನ್ನು ಮಾತ್ರ ಹಿಡಿಯಬೇಕು. ಬಿರುಕನ್ನು ಸಣ್ಣಗೆ ಕೆರೆದು ಜೆಲ್ ಕೋಟ್ ಪೇಸ್ಟ್ ತುಂಬಿ ಉಜ್ಜಿದರೆ ಆಯಿತು. ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಕೈಯಿಂದಲೇ ಬಿಗಿಯಿರಿ.

ಪ್ರಶ್ನೆ: ಹಳೆ ಕಾರಿನ ಸ್ಪೀಕರ್ ಸುಮ್ನೆ ಬಿದ್ದಿದೆ. ಬೋಟಿಗೆ ಹಾಕಬಹುದಾ? (ಬೆಳಗಾವಿಯಿಂದ)

ಉತ್ತರ: ಕೋನ್ (ಸ್ಪೀಕರಿನ ನಡುವೆ ಅದುರುವ ಬಟ್ಟಲಿನಂಥ ಭಾಗ) ಕಾಗದದ್ದಾದರೆ ಒಂದು ಮಳೆಗಾಲ ಬಾಳುವುದೂ ಕಷ್ಟ. ಪ್ಲಾಸ್ಟಿಕ್ಕಿನದಾದರೆ ಹಾಕಿ ನೋಡಿ, ಆದರೆ ಸ್ಪೀಕರಿನ ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಸ್ಪೀಕರಿಗಿಂತ ವೈರಿಂಗ್ ಕಡೆ ಜಾಸ್ತಿ ಗಮನ ಕೊಡಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಸ್ಪೀಕರ್ ಹತ್ತಿರ ವೈರನ್ನು ಸ್ವಲ್ಪ ಕೆಳಗೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ತನ್ನಿ, ಹನಿ ಅಲ್ಲೇ ಬಿದ್ದುಹೋಗುತ್ತದೆ. ಸಂದಿಗೆ ಸಿಲಿಕಾನ್ ಹಾಕುವಾಗ ಮೂಸಿ ನೋಡಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ತಾಮ್ರದ ವೈರನ್ನು ತಿನ್ನುತ್ತದೆ.