ಚಳಿಗಾಲದ ಬೆಳಿಗ್ಗೆ ಚಾಲೂ ಆಗದ ಹಳೇ ಮಿನಿ ಟ್ರ್ಯಾಕ್ಟರ್

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬ್ಯಾಡಗಿ ತಾಲ್ಲೂಕು. ಮೂರು ಸಿಲಿಂಡರಿನ 18 ಎಚ್‌ಪಿ ಡೀಸೆಲ್ ಮಿನಿ ಟ್ರ್ಯಾಕ್ಟರ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 15 ವರ್ಷ ಹಳೆಯದು. ಮೆಣಸಿನಕಾಯಿ ಹೊಲದಲ್ಲಿ ಎಡೆ ಹೊಡೆಯಲು ಇಟ್ಟುಕೊಂಡಿದ್ದೇವೆ. ದೀಪಾವಳಿ ಮುಗಿದಾಗಿನಿಂದ ಬೆಳಿಗ್ಗೆ ಚಾಲೂನೇ ಆಗುವುದಿಲ್ಲ. ಸೆಲ್ಫ್ ಹೊಡೆದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಅಷ್ಟೇ. ಎಂಟು ಹತ್ತು ಸಲ ಹೊಡೆದ ಮೇಲೆ ಗಡಗಡ ನಡುಗುತ್ತಾ ಹಿಡಿದುಕೊಳ್ಳುತ್ತದೆ, ಆಮೇಲೆ ಸರಿಹೋಗುತ್ತದೆ. ಮಧ್ಯಾಹ್ನ ಬಂದ್ ಮಾಡಿ ಮತ್ತೆ ಹೊಡೆದರೆ ಒಂದೇ ಸಲಕ್ಕೆ ಚಾಲೂ. ಮೆಕ್ಯಾನಿಕ್ ‘ಇಂಜಿನ್ ಬಿಚ್ಚಬೇಕು, 30 ಸಾವಿರ ತೆಗೆದಿಡ್ರಿ’ ಅಂದಿದ್ದಾರೆ. ಸದ್ಯಕ್ಕೆ ನನ್ನ ತಮ್ಮ ಒಂದು ಬಟ್ಟೆಗೆ ಬೆಂಕಿ ಹಚ್ಚಿ ಏರ್ ಫಿಲ್ಟರ್ ಬಾಯಿಗೆ ಹಿಡಿದು ಚಾಲೂ ಮಾಡುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ತಮ್ಮನ ಕೈಯಿಂದ ಆ ಬಟ್ಟೆ ಕಿತ್ತುಕೊಳ್ಳಿ. ಬೂದಿ, ಸುಟ್ಟ ನೂಲು ಎಲ್ಲಾ ಒಳಗೆ ಹೋಗಿ ಬೋರ್ (ಸಿಲಿಂಡರಿನ ಒಳಗೋಡೆ) ತಿನ್ನುತ್ತದೆ. ಇವತ್ತು ಬೋರ್ ಚೆನ್ನಾಗಿದ್ದರೂ ಮುಂದಿನ ವರ್ಷ ನಿಮ್ಮ ಮೆಕ್ಯಾನಿಕ್ ಹೇಳಿದ ಮಾತೇ ನಿಜವಾಗುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಾರ್ಟಿಂಗ್ ಸ್ಪ್ರೇ ಕೂಡ ಬೇಡ. ಹೀಟರ್ ಪ್ಲಗ್ (ಚಾಲೂ ಮಾಡುವ ಮೊದಲು ಸಿಲಿಂಡರಿನ ಒಳಗೆ ಕಾಯಿಸುವ ಪ್ಲಗ್) ಇರುವ ಇಂಜಿನ್‌ಗೆ ಅದನ್ನು ಹೊಡೆದರೆ ಕಾದ ಪ್ಲಗ್ಗಿಗೆ ತಾಗಿ ಹೊತ್ತಬಾರದ ಹೊತ್ತಲ್ಲಿ ಹೊತ್ತಿಕೊಳ್ಳುತ್ತದೆ, ಪಿಸ್ಟನ್ ರಿಂಗ್ ಮುರಿದರೂ ಮುರಿಯಿತು.

ಇನ್ನು ರೋಗಕ್ಕೆ ಬರೋಣ. ಬಿಳಿ ಹೊಗೆ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಹೊಗೆಯೇ ಬರದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ ಅನ್ನಬಹುದಿತ್ತು, ಆಗ ಫಿಲ್ಟರ್ ಕಟ್ಟಿದೆಯಾ, ಲೈನ್ ಏರ್ ತಗೊಂಡಿದೆಯಾ ಅಂತ ಹುಡುಕಬೇಕಿತ್ತು. ನಿಮ್ಮದು ಆ ಕೇಸ್ ಅಲ್ಲ. ಮಧ್ಯಾಹ್ನ ಒಂದೇ ಸಲಕ್ಕೆ ಹಿಡಿಯುತ್ತದೆ ಅಂದಿರಲ್ಲ, ಪಂಪು ನೋಜಲ್ ಹೆಚ್ಚುಕಡಿಮೆ ಸರಿಯಾಗಿಯೇ ಇವೆ. ಕೊರತೆ ಇರುವುದು ಬಿಸಿಗೆ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇರುವುದಿಲ್ಲ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿಯೇ ಉರಿಸಬೇಕು. ಈ ಸಣ್ಣ ಇಂಜಿನ್‌ಗಳಲ್ಲಿ ತಣ್ಣಗಿರುವ ಲೋಹ ಆ ಕಾವನ್ನೆಲ್ಲಾ ಹೀರಿಕೊಂಡು ಬಿಡುತ್ತದೆ, ಅದಕ್ಕೇ ಹೀಟರ್ ಪ್ಲಗ್ ಇಟ್ಟಿರುವುದು. ಬೇಸಿಗೆಯಲ್ಲಿ ಪ್ಲಗ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಬೆಳಗಿನ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿದಾಗ ಬಣ್ಣ ಬಯಲಾಗುತ್ತದೆ.

ಆ ‘ಗಡಗಡ ನಡುಗುತ್ತಾ’ ಅನ್ನುವ ಮಾತಿದೆಯಲ್ಲ, ನನಗೆ ಅದೇ ದೊಡ್ಡ ಸುಳಿವು. ಮೂರರಲ್ಲಿ ಒಂದೋ ಎರಡೋ ಸಿಲಿಂಡರ್ ಮೊದಲು ಹಿಡಿದು ಉಳಿದದ್ದನ್ನು ಎಳೆಯುತ್ತಿದೆ. ಪ್ಲಗ್ ಎಲ್ಲಾ ಸತ್ತಿಲ್ಲ, ಕೆಲವು ಸತ್ತಿವೆ. ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ದೀಪ ಹತ್ತುತ್ತದಲ್ವಾ ಅಂತ ನಂಬಬೇಡಿ, ಒಂದೇ ಪ್ಲಗ್ ಜೀವ ಹಿಡಿದಿದ್ದರೂ ದೀಪ ಹತ್ತುತ್ತದೆ.

ನೋಡುವುದು ಸುಲಭ. ಕೀ ಬಂದ್ ಮಾಡಿ. ಮೂರೂ ಪ್ಲಗ್ಗಿನ ತಲೆಗೆ ಸೇರಿದ ಪಟ್ಟಿ ಇರುತ್ತದೆ, ಅದರ ನಟ್ ಬಿಚ್ಚಿ ಪಟ್ಟಿ ತೆಗೆಯಿರಿ. ಒಂದು 12 ವೋಲ್ಟಿನ ಬಲ್ಬು ತಗೊಂಡು ಒಂದು ವೈರ್ ಬ್ಯಾಟರಿಯ ಪ್ಲಸ್‌ಗೆ ಕೊಡಿ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬು ಹತ್ತದ ಪ್ಲಗ್ ಸತ್ತಿದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಚೆನ್ನಾಗಿರುವ ಪ್ಲಗ್ ಒಂದೆರಡು ಓಮ್ ಒಳಗೇ ತೋರಿಸುತ್ತದೆ. ಎರಡು ಹೋಗಿದ್ದರೆ ಮೂರನ್ನೂ ಬದಲಿಸಿ, ಮೂರನೆಯದು ಸರದಿಯಲ್ಲೇ ನಿಂತಿರುತ್ತದೆ. ಬಿಚ್ಚುವಾಗ ಇಂಜಿನ್ ಉಗುರುಬಿಸಿ ಇರಲಿ, ತಣ್ಣಗಿದ್ದಾಗ ಜೋರು ಮಾಡಿದರೆ ಪ್ಲಗ್ ಹೆಡ್ಡಿನಲ್ಲೇ ಮುರಿದುಕೊಂಡು ಆಮೇಲೆ ನಿಜವಾಗಿಯೂ ಖರ್ಚು ಶುರು. ಹಾಕಿದ ಮೇಲೆ ಪ್ರತಿ ಸಲ ಪ್ಲಗ್ಗನ್ನು 15–20 ಸೆಕೆಂಡ್ ಕಾಯಿಸಿ, ಆಮೇಲೆ ಸೆಲ್ಫ್ ಹೊಡೆಯಿರಿ. ತುಂಬಾ ಜನ ಐದು ಎಣಿಸುವಷ್ಟರಲ್ಲಿ ಹೊಡೆದುಬಿಡುತ್ತಾರೆ.

ಪ್ಲಗ್ ಮೂರೂ ಸರಿ ಇದ್ದರೆ ಸೆಲ್ಫ್ ತಿರುಗುವ ಸ್ಪೀಡ್ ನೋಡಿ. ನಿಧಾನಕ್ಕೆ ತಿರುಗಿದರೆ ಒತ್ತಿದ ಗಾಳಿ ಸೋರಿ ತಣ್ಣಗಾಗುತ್ತದೆ, ಕಾವು ಬರುವುದಿಲ್ಲ. ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 10ರ ಹತ್ತಿರಕ್ಕಿಂತ ಕೆಳಗೆ ಬೀಳಬಾರದು. ಹೊಸ ಬ್ಯಾಟರಿ ತರುವ ಮೊದಲು ಬ್ಯಾಟರಿಯ ಮೈನಸ್‌ನಿಂದ ಚಾಸಿಗೆ ಹೋಗುವ ಅರ್ಥಿಂಗ್ ವೈರ್ ನೋಡಿ. ಲಕ್ಷ್ಮೇಶ್ವರದ ಕಡೆಯಿಂದ ಒಬ್ಬರು ಟ್ರ್ಯಾಕ್ಟರ್ ಹೇರಿಕೊಂಡು ನನ್ನ ಹತ್ತಿರ ಬಂದಿದ್ದರು. ಬ್ಯಾಟರಿ ಹೊಸದು, ಸೆಲ್ಫ್ ರಿಪೇರಿ ಆಗಿದೆ, ರಿಂಗ್ ಕೂಡ ಹಾಕಿಸಿದ್ದಾರೆ, ಆದರೂ ಬೆಳಿಗ್ಗೆ ಅದೇ ಗೋಳು. ನಾಲ್ಕು ಸಲ ಸೆಲ್ಫ್ ಹೊಡೆಸಿ ವೈರುಗಳನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಚಾಸಿಗೆ ಬಿಗಿದ ಅರ್ಥಿಂಗ್ ಲಗ್ (ವೈರಿನ ತುದಿಯ ಬಳೆ) ಮುಟ್ಟಲಾಗದಷ್ಟು ಬಿಸಿ! ಬಿಚ್ಚಿದರೆ ಕೆಳಗೆ ಪೇಂಟು, ಅದರ ಮೇಲೆ ಎರೆಮಣ್ಣು. ಇಂಜಿನ್ ಕೆಲಸ ಮಾಡಿದವರು ಚಂದ ಕಾಣಲಿ ಅಂತ ಪೇಂಟ್ ಹೊಡೆದು ಅದರ ಮೇಲೇ ಲಗ್ ಬಿಗಿದಿದ್ದರು. ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ, ಮುಗಿಯಿತು. ಅವರಿಗೆ ಸಿಟ್ಟು ಬಂತೋ ನಗು ಬಂತೋ ಗೊತ್ತಾಗಲಿಲ್ಲ, ಚಹಾ ಮಾತ್ರ ಕುಡಿಸಿದರು.

ಇದೂ ಸರಿ ಇದ್ದರೆ ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಗ್ಯಾಪ್ ನೋಡಿ. ಗ್ಯಾಪ್ ತೀರಾ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಷನ್ (ಒತ್ತಿದ ಗಾಳಿ) ಸೋರುತ್ತದೆ, ನೋಡುವವರಿಗೆ ಬೋರ್ ಹೋದ ಹಾಗೆಯೇ ಕಾಣುತ್ತದೆ. ಬುಕ್‌ನಲ್ಲಿ ಕೊಟ್ಟ ಅಳತೆಗೆ ಸೆಟ್ ಮಾಡಿಸಿ.

ಇಷ್ಟೆಲ್ಲಾ ಆದಮೇಲೂ ಹಟ ಹಿಡಿದರೆ ಕಂಪ್ರೆಷನ್ ಗೇಜ್ ಹಾಕಿಸಿ, ಹೀಟರ್ ಪ್ಲಗ್ಗಿನ ತೂತಿನಲ್ಲೇ ಕೂರುತ್ತದೆ. 400 ಪಿಎಸ್‌ಐ ಆಸುಪಾಸು ಇದ್ದರೆ ಇಂಜಿನ್ ಮುಟ್ಟಲೇಬೇಡಿ. 300ಕ್ಕಿಂತ ಕೆಳಗೆ ಬಂದರೆ ಮಾತ್ರ ಆ 30 ಸಾವಿರದ ಮಾತು. ಹುಬ್ಬಳ್ಳಿಗೆ ತಂದರೆ ಗೇಜ್ ಇಟ್ಟುಕೊಂಡವರು ಸಿಗುತ್ತಾರೆ, ಗೇಜ್ ಹಾಕದೆ ಸೈಲೆನ್ಸರ್ ನೋಡಿಯೇ ‘ಬಿಚ್ಚಬೇಕು’ ಅನ್ನುವವರ ಕೈಗೆ ಸ್ಪ್ಯಾನರ್ ಕೊಡಬೇಡಿ.

ಪ್ರಶ್ನೆ: ಗದಗ ಹತ್ತಿರದ ಹಳ್ಳಿಯಿಂದ. ಪೆಟ್ರೋಲ್ ವೀಡರ್ ನಾಲ್ಕು ತಿಂಗಳು ಮೂಲೆಯಲ್ಲಿತ್ತು. ಈಗ ಹಗ್ಗ ಎಳೆದು ಎಳೆದು ಭುಜ ಹೋಯಿತು, ಚಾಲೂ ಆಗುತ್ತಿಲ್ಲ.

ಉತ್ತರ: ಎಳೆಯುವುದು ನಿಲ್ಲಿಸಿ, ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ, ಕಾರ್ಬುರೇಟರ್ ಬಟ್ಟಲಿನ ತಳದಲ್ಲಿ ಅಂಟು ಕೂರುತ್ತದೆ. ಬಟ್ಟಲು ಬಿಚ್ಚಿ ತೊಳೆದು, ಪೆಟ್ರೋಲ್ ಹಾಯುವ ಸಣ್ಣ ಜೆಟ್ಟಿನ ತೂತಿಗೆ ಗಾಳಿ ಹೊಡೆಸಿ, ತಂತಿ ಮಾತ್ರ ತೂರಿಸಬೇಡಿ. ಸ್ಪಾರ್ಕ್ ಪ್ಲಗ್ ಉಜ್ಜಿ ಗ್ಯಾಪ್ 0.7 ಮಿ.ಮೀ. ಇಡಿ. ಇನ್ನೊಂದು, ಆಯಿಲ್ ಲೆವೆಲ್ ನೋಡಿದ್ದೀರಾ? ಕೆಲವು ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಸೆನ್ಸರ್ ಕಿಡಿಯನ್ನೇ ಕಟ್ ಮಾಡುತ್ತದೆ. ಓರೆಯಾಗಿ ನಿಲ್ಲಿಸಿದರೂ ಹಾಗೇ ಆಗಬಹುದು, ಅದಕ್ಕೆ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿಕೊಂಡು ಚೋಕ್ ಹಾಕಿ ಎಳೆಯಿರಿ.